ಒಂದು ನಿಮಿಷದ ತೂಕ

ಹೆರಿಗೆ ಎಷ್ಟೇ ದೂರದಲ್ಲಾದರೂ ನಾನು ನಿನ್ನ ಪಕ್ಕದಲ್ಲಿರುತ್ತೇನೆ ಎಂದು ತಾಯಿಯೊಬ್ಬಳು ಆರು ವರ್ಷದ ಹಿಂದೆ ಮಗಳಿಗೆ ಮಾತು ಕೊಟ್ಟಿದ್ದಳು. ವಿಮಾನ ಕಂಪನಿಯ ಸಿಬ್ಬಂದಿಗೆ ಸಿಗುವ ಉಚಿತ ಟಿಕೆಟ್ಟಿನ ಅರ್ಜಿಯಲ್ಲಿ, ‘ಪ್ರಯಾಣದ ಕಾರಣ’ ಎಂಬಲ್ಲಿ, ಅದನ್ನೇ ಬರೆದಿದ್ದಳು. ಹೆರಿಗೆ ನಾಳೆ ಎಂದು ವೈದ್ಯರು ಹೇಳಿದ್ದರು. ಇವತ್ತಿನದು ತಪ್ಪಿದರೆ ಮುಂದಿನ ವಿಮಾನ ಮೂರು ದಿನದ ಮೇಲೆ.

ಅರ್ಜಿ ಈಗ ವಿಮಾನದ ತೂಕ ಲೆಕ್ಕ ಹಾಕುವ ಗುಮಾಸ್ತನ ಕೈಯಲ್ಲಿತ್ತು. ಅದರಲ್ಲಿ ಹೆಸರಿರಲಿಲ್ಲ. ಹೆಸರಿದ್ದರೆ ಮುಖ ನೋಡಿ ಮಣೆ ಹಾಕುತ್ತಾರೆಂದು ಕಂಪನಿ ಒಂದು ಸಂಖ್ಯೆ, ಒಂದು ಫೋನ್ ನಂಬರು ಮಾತ್ರ ಇಟ್ಟಿತ್ತು. ಸೀಟು ಖಾಲಿಯಿದ್ದು ತೂಕವೂ ಹೊಂದಿದರೆ ಸಿಬ್ಬಂದಿಗೆ ಜಾಗ. ಹೊಂದದಿದ್ದರೆ ಮೊದಲು ಇಳಿಯಬೇಕಾದವರೂ ಅವರೇ. ಇವತ್ತು ಪಟ್ಟಿಯಲ್ಲಿದ್ದದ್ದು ಈಕೆಯೊಬ್ಬಳೇ.

ಎದುರು ಮೇಜಿನಲ್ಲಿ, ಮಾರ್ಗದ ಲೆಕ್ಕ ಹಾಕುವ ಅಕ್ಕ ಗಾಳಿಯ ನಕ್ಷೆಯನ್ನು ನಾಲ್ಕನೇ ಸಲ ತೆರೆದಿದ್ದಳು. ಗುಮಾಸ್ತನಿಗೆ ಅವಳ ಜೊತೆ ಇದು ಎರಡನೇ ವಾರ. ಊಟದ ಹೊತ್ತು ಮೀರಿದರೂ ಅವಳ ಡಬ್ಬಿ ಮುಚ್ಚಿಯೇ ಇತ್ತು.

“ಒಂಬತ್ತು ಸಾವಿರದ ಮುನ್ನೂರು ಕಿಲೋಮೀಟರು,” ಎಂದಳು, ಪರದೆ ನೋಡದೆ. “ಮಾಮೂಲಿ ಹನ್ನೊಂದು ಗಂಟೆ. ಇವತ್ತು ಎದುರುಗಾಳಿ, ಹನ್ನೊಂದು ಗಂಟೆ ನಲವತ್ತು ನಿಮಿಷ. ನಾಲ್ಕು ಟನ್ ಇಂಧನ ಜಾಸ್ತಿ ತುಂಬಿಸ್ಬೇಕು. ಸರಕು ಇಳಿಸು.”

“ಪೂರ್ತಿ ಇಳಿಸಾಯ್ತು ಅಕ್ಕ. ಇನ್ನೂ ನೂರು ಕೆಜಿ ಮಿತಿ ಮೀರ್ತಿದೆ.”

“ಅಂದ್ರೆ ಒಬ್ರು.”

“ಒಬ್ರೇ. ಅದೂ ಮಗಳ ಹೆರಿಗೆಗೆ ಹೊರಟಿರೋ ತಾಯಿ.”

ಅವಳು ಗಾಳಿಯ ನಕ್ಷೆಯನ್ನು ಐದನೇ ಸಲ ತೆರೆದಳು.

“ಒಬ್ಬರ ತೂಕ ಅಂದ್ರೆ ಒಂದು ನಿಮಿಷದ ಇಂಧನ ಅಕ್ಕ. ಹನ್ನೊಂದು ಮೂವತ್ತೊಂಬತ್ತು ಅಂತ ಬರೆದ್ರೆ ಆಕಾಶ ಕಳಚಿ ಬೀಳುತ್ತಾ?”

“ಬೀಳೋದು ಆಕಾಶ ಅಲ್ಲ.”

ಗುಮಾಸ್ತನಿಗೆ ಮೈಯೆಲ್ಲ ಉರಿಯಿತು. “ನನ್ನ ಹೆಂಡ್ತಿ ನೋವಲ್ಲಿ ನನ್ನ ಕೈ ತಳ್ಳಿ ಅಮ್ಮ ಬೇಕು ಅಂದ್ಲು. ನಮ್ಮತ್ತೆ ಪಕ್ಕದ ಬೀದೀಲಿದ್ರು, ಹಿಟ್ಟು ಮೆತ್ತಿದ ಕೈಲೇ ಓಡಿ ಬಂದ್ರು. ಈ ಹುಡುಗಿಗೆ ಯಾರಿದಾರೆ?”

“ಗಂಡ ಇದಾನೆ.”

“ಗಂಡ ಯಾತಕ್ಕೆ ಬರ್ತಾನೆ, ನಾನೇ ನೋಡಿದೀನಲ್ಲ. ನಿಂತ್ಕೊಂಡು ಬೆವರೋಕೆ. ಕಲ್ಲಾದ್ರೂ ಕರಗುತ್ತೆ, ನೀವು ಕರಗಲ್ಲ.”

“ಒಳಗೆ ಇನ್ನೂರೆಂಬತ್ತು ಜನ ಕೂತಿದಾರೆ,” ಎಂದಳು ಅಕ್ಕ, ಬಲು ನಿಧಾನವಾಗಿ. “ಎಲ್ಲರೂ ಯಾರೋ ಹೆತ್ತ ಮಕ್ಕಳೇ. ದಾರೀಲಿ ಆ ಒಂದು ನಿಮಿಷ ಕಮ್ಮಿ ಬಿದ್ರೆ ಯಾರ ಹತ್ರ ಸಾಲ ಕೇಳ್ಲಿ?”

ಹನ್ನೊಂದು ನಲವತ್ತು ಎಂದೇ ಬರೆದಳು. ಸಹಿ ಹಾಕುವ ಮುನ್ನ ಒಂದು ಗಳಿಗೆ ಪೆನ್ನು ಹಿಡಿದು ಕೂತಳು. ಆಮೇಲೆ ಹಾಕಿದಳು.

“ಇಳಿಸು.”

ಸಹಿ ಬಿದ್ದ ಮೇಲೆ ಗುಮಾಸ್ತ ಮಾಡುವಂಥದ್ದೇನೂ ಉಳಿಯಲಿಲ್ಲ. ಸಂಖ್ಯೆಯ ಮೇಲೆ ಗೆರೆ ಎಳೆದ. ಜಾಗವಿಲ್ಲವೆಂದು ಫೋನ್ ಮಾಡಿ ತಿಳಿಸುವುದೂ ಅವನದೇ ಕೆಲಸ.

“ಆ ತಾಯಿಗೆ ಏನಂತ ಹೇಳ್ಲಿ, ಅದನ್ನಾದ್ರೂ ಹೇಳ್ಕೊಡಿ.”

“ಇದ್ದದ್ದು ಇದ್ದ ಹಾಗೆ ಹೇಳು.”

ಅರ್ಜಿ ನೋಡಿಕೊಂಡು ಅವನು ಒಂದೊಂದೇ ಅಂಕಿ ಒತ್ತಿದ. ಎದುರು ಮೇಜಿನ ಮೇಲೆ ಅಕ್ಕನ ಫೋನು ನಡುಗತೊಡಗಿತು.

“ಗೊತ್ತಾಯ್ತಪ್ಪ, ಇಡು,” ಎಂದಳು ಅಕ್ಕ.

ಕೊಟ್ಟ ಮಾತು ತಪ್ಪಿತು.