ಎಣ್ಣೆಯಿಲ್ಲದ ಒಗ್ಗರಣೆ

ಬಾಯಿ ತೆರೆಯಿರಿ ಎಂದು ಹಲ್ಲಿನ ಡಾಕ್ಟರು ಹೇಳಿದರೆ ಸಿದ್ದರಾಮ ಹೆಂಡತಿಯ ಮುಖ ನೋಡಿದ. ರೇಣುಕಾದೇವಿ ಚೀಲದಿಂದ ಅವನ ರಕ್ತದ ರಿಪೋರ್ಟು ತೆಗೆದು ಮೇಜಿನ ಮೇಲಿಟ್ಟಳು. ಅವನು ಕೆಲಸ ಮಾಡುವ ಹಟ್ಟಿ ಚಿನ್ನದ ಗಣಿಯಲ್ಲಿ ನಡೆದ ಆರೋಗ್ಯ ಕ್ಯಾಂಪಿನಲ್ಲಿ ಕೊಟ್ಟದ್ದು. ಕೈಯಿಂದ ಕೈಗೆ ಹೋಗಿ ಹಾಳಾದೀತೆಂದು ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಳು.

"ಮೊದ್ಲ ಇದನ್ನ ನೋಡ್ರಿ ಮೇಡಮ್. ಕೊಲೆಸ್ಟ್ರಾಲು ಎಷ್ಟು ಕಮ್ಮಿ ಐತಿ."

ಅವಳ ಹೆಮ್ಮೆಗೆ ಕಾರಣವಿತ್ತು. ಸಿದ್ದರಾಮನ ಅಣ್ಣ ಊಟದ ತಾಟಿನ ಮುಂದೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಅಂದಿನಿಂದ ಅವಳು ಎಣ್ಣೆ ಡಬ್ಬಿಯನ್ನು ಅಟ್ಟಕ್ಕೆ ಹತ್ತಿಸಿದ್ದಳು. ಒಗ್ಗರಣೆ ಎಂದರೆ ಸಾಸಿವೆಯನ್ನು ಒಣ ಬಾಣಲೆಯಲ್ಲಿ ಸಿಡಿಸಿ ಹಾಕುವುದು. ಎಣ್ಣೆಗಾಯಿಗೆ ಹೆಸರಷ್ಟೇ ಉಳಿದಿತ್ತು. ಕ್ವಾರ್ಟರ್ಸಿನ ಹೆಂಗಸರು ನಕ್ಕಿದ್ದರು. ರಿಪೋರ್ಟು ಬಂದದ್ದೇ ತಡ, ಅದನ್ನು ಹಿಡಿದು ಮನೆಮನೆ ತಿರುಗಿ ಅವರ ಬಾಯಿ ಮುಚ್ಚಿಸಿದಳು. ಪಕ್ಕದ ಮನೆಯ ಮೈಮುನಾಬಿ ಮರುದಿನವೇ ತನ್ನ ಗಂಡನಿಗೆ ಭಜಿ ಬಂದ್ ಮಾಡಿದಳು. ಆ ಪುಣ್ಯಾತ್ಮನ ಶಾಪ ಯಾರಿಗೆ ತಟ್ಟಿತೋ.

ಲಿಂಗಸುಗೂರಿಗೆ ಇವರು ಬಂದದ್ದು ಬರೀ ಹಲ್ಲುನೋವಿಗೆಂದು. ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದವನು ಮುಖ ತೊಳೆದು ನೇರ ಬಸ್ಸು ಹತ್ತಿದ್ದ. ಕುರ್ಚಿ ಸಿಕ್ಕಲ್ಲೆಲ್ಲ ತೂಕಡಿಸುತ್ತಿದ್ದ.

ಡಾಕ್ಟರ್ ದಾನೇಶ್ವರಿ ರಿಪೋರ್ಟನ್ನು ಎರಡು ಸಲ ಓದಿದರು, ಹೊಗಳಲಿಲ್ಲ. ತಂಬಾಕು ಹಾಕುತ್ತೀರಾ ಎಂದು ಕೇಳಿದರು. ಹಾಕದೆ ಹೇಗೆ ಎಂದ ಸಿದ್ದರಾಮ. ಗಣಿಯೊಳಗೆ ಬೀಡಿ ಹಚ್ಚುವಂತಿಲ್ಲ. ಇಳಿಯುವಾಗ ಎಡಗಲ್ಲದಲ್ಲಿ ಅಡಿಕೆ, ತಂಬಾಕು, ಸುಣ್ಣದ ಉಂಡೆ ಇಟ್ಟುಕೊಂಡರೆ ಮೇಲೆ ಬಂದ ಮೇಲೆಯೇ ಉಗುಳುವುದು. ಅವನ ಜೊತೆಯವರೂ ಹಾಗೆಯೇ.

"ಕೊಲೆಸ್ಟ್ರಾಲು ಕಮ್ಮಿ ಇದ್ರ ಚಲೋನ ಅಲ್ರೀ?" ರೇಣುಕಾದೇವಿಯ ದನಿ ಸ್ವಲ್ಪ ಇಳಿದಿತ್ತು.

"ಬರೇ ಎಣ್ಣಿ ಬಿಟ್ರ ಇಷ್ಟು ಇಳಿಯೂದಿಲ್ಲಮ್ಮಾ. ಮೈಯಾಗ ಬ್ಯಾಡಾದ್ದು ಏನರ ಬೆಳಿಯಾಕತ್ತಿದ್ರ, ಅದೂ ರಕ್ತದಾಗಿನ ಕೊಬ್ಬು ತಿಂತದ. ಒಬ್ಬೊಬ್ಬರಿಗೆ ಸುಮ್ಮನೂ ಕಮ್ಮಿ ಇರ್ತದ, ಇದೊಂದ ನೋಡಿ ಏನೂ ಹೇಳಾಕ ಬರಂಗಿಲ್ಲ. ಅದಕ್ಕ ಬಾಯಿ ನೋಡಬೇಕು."

ತೆರೆದ ಬಾಯಲ್ಲಿ ಮೂರು ಬೆರಳು ನಿಲ್ಲಬೇಕಂತೆ. ಅವನ ಬಾಯಲ್ಲಿ ಒಂದೇ ಕಷ್ಟಪಟ್ಟು ಹೋಯಿತು. ಟಾರ್ಚಿನ ಬೆಳಕಿನಲ್ಲಿ ಎಡಗಲ್ಲದ ಒಳಗೆ ಸುಣ್ಣ ಬಳಿದಂಥ ಬಿಳಿ ಕಲೆ, ನಡುವೆ ಕೆಂಪು ಹುಣ್ಣು ಕಾಣಿಸಿತು. ಖಾರ ಬಿಟ್ಟು ಎಷ್ಟು ದಿನವಾಯಿತು ಎಂದು ಡಾಕ್ಟರು ಕೇಳಿದರು.

"ನಾನ ಬಿಡಿಸೀನ್ರೀ," ಎಂದಳು ರೇಣುಕಾದೇವಿ. "ಎಣ್ಣಿ ಜೋಡಿ ಖಾರಾನೂ ಬಿಡಿಸಿದೆ. ಒಂದ್ ಮಾತು ಎದುರಾಡಲಿಲ್ಲ. ರೊಟ್ಟೀನೂ ಹಾಲಾಗ ನೆನಸ್ಕೊಂಡು ತಿಂತಾರ."

ಸಿದ್ದರಾಮ ನೆಲ ನೋಡಿದ. "ಆಕಿ ಬಿಡಿಸಿಲ್ರೀ. ಬಾಯಿ ಉರೀತಿತ್ತು, ಬಿಟ್ಟೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀ ಅಷ್ಟು ಖುಷಿಯಾಗಿದ್ದಿ."

ರೇಣುಕಾದೇವಿಗೆ ಸಿಟ್ಟೂ ಬಂತು, ಅಳುವೂ ಬಂತು. ಹುಣ್ಣಿನ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ಈಗಲೇ ಹಿಡಿದರೆ ಉಳಿಸಿಕೊಳ್ಳಬಹುದು, ತಡ ಮಾಡಿದರೆ ಗಲ್ಲವೂ ಹೋದೀತು, ಜೀವವೂ ಹೋದೀತು ಎಂದರು ಡಾಕ್ಟರು. ಪಾಳಿ ಬದಲಾದ ಮೇಲೆ ಬರುತ್ತೇನೆಂದು ಸಿದ್ದರಾಮ ಎದ್ದ. ಹೇಗೂ ರಕ್ತ ಚೆನ್ನಾಗಿದೆಯಲ್ಲ ಎನ್ನುತ್ತ ರಿಪೋರ್ಟಿಗೆ ಕೈ ಚಾಚಿದ. ಅವಳು ಅದನ್ನು ಮೊದಲೇ ಎತ್ತಿಕೊಂಡು, ಅವನ ಹೆಗಲು ಒತ್ತಿ ಕೂರಿಸಿದಳು.

"ಕತ್ತರಿಸ್ರಿ ಮೇಡಮ್."

ಎಲ್ಲ ಮುಗಿಸಿ ಹೊರಗಿನ ಬೆಂಚಿಗೆ ಬಂದಾಗ ಕರೆಂಟು ಹೋಗಿತ್ತು. ತಂಬಾಕು ಇರುತ್ತಿದ್ದ ಜಾಗದಲ್ಲಿ ಹತ್ತಿಯ ಉಂಡೆ ಇಟ್ಟುಕೊಂಡು ಸಿದ್ದರಾಮ ಗೋಡೆಗೆ ತಲೆ ಆನಿಸಿದ. ಮೈಯೆಲ್ಲ ಬೆವರು. ರೇಣುಕಾದೇವಿ ಕೈಯಲ್ಲಿದ್ದ ರಿಪೋರ್ಟಿನಿಂದಲೇ ಅವನಿಗೆ ಬೀಸತೊಡಗಿದಳು. ಲ್ಯಾಮಿನೇಶನ್ ಮಾಡಿಸಿದ್ದರಿಂದ ಗಾಳಿ ಚೆನ್ನಾಗಿ ಬರುತ್ತಿತ್ತು.