ಕಪ್ಪು ಅಂಗೈ

ಪಾಪ ಮಾಡಿದವರ ಅಂಗೈ ಕಪ್ಪಾಗುವುದು, ದೇವರು ಕ್ಷಮಿಸಿದ ಕೂಡಲೇ ತಿಳಿಯಾಗುವುದು ಕಡಲತಡಿಯ ಆ ಊರಿಗೆ ಹೊಸ ಸಂಗತಿಯೇನಲ್ಲ. ಪ್ರಭುಭೋಜನದ ಪವಿತ್ರ ರೊಟ್ಟಿ ಹಂಚುವ ದಿನ ಇಗರ್ಜಿಯಲ್ಲಿ ಮಂಡಿಯೂರಿ ಎರಡೂ ಅಂಗೈ ಒಡ್ಡಬೇಕು. ಕಪ್ಪಿದ್ದವರಿಗೆ ರೊಟ್ಟಿ ಇಲ್ಲ, ಅಷ್ಟೇ.

ಸುಗಂಧಿಯ ಪಕ್ಕದಲ್ಲೇ ಜಯಕರ ಬಂದು ಮಂಡಿಯೂರಿದ. ಹೋದ ವರ್ಷ ಕುಡಿದು ಟೆಂಪೊ ಓಡಿಸಿ ಅವಳ ಮಗ ವಿಲ್ಫ್ರೆಡ್‌ನನ್ನು ಸಾಯಿಸಿದವನು ಇವನೇ. ಅವನ ಅಂಗೈ ತೊಳೆದಿಟ್ಟ ಪಿಂಗಾಣಿ ಬಸಿಯಂತಿತ್ತು. ರೊಟ್ಟಿ ಸಿಕ್ಕಿತು. ಸುಗಂಧಿಯ ಅಂಗೈ ಮಾತ್ರ ಬಾಣಲೆಯ ತಳ.

ರೊಟ್ಟಿ ಹಂಚುತ್ತಿದ್ದ ಪಾದ್ರಿ ಅಯ್ಯನವರು ಅವಳ ಮುಂದೆ ನಿಂತರು. “ಇನ್ನೂ ದ್ವೇಷ ಬಿಡ್ಲಿಲ್ವಾ ಸುಗಂಧಿಯವರೇ? ಇವನನ್ನು ದೇವರೇ ಕ್ಷಮಿಸಿ ಆಯ್ತು. ನಿಮ್ಮದೆಂತ ಹಟ?”

“ಇವ ನನ್ನ ಹತ್ರ ಒಂದು ಮಾತು ಕೇಳಿದ್ದಾನಾ? ಸೀದಾ ದೇವರ ಹತ್ರ ಹೋದ, ಮುಗೀತು.”

ಜಯಕರ ಜಗಿಯುವುದನ್ನು ನಿಲ್ಲಿಸಲಿಲ್ಲ.

“ತನ್ನ ಸ್ವಂತ ಮಗನನ್ನು ಶಿಲುಬೆಗೇರಿಸಿ ಕೊಂದವರನ್ನೂ ದೇವರು ಕ್ಷಮಿಸಿದ್ರಲ್ಲ,” ಎಂದರು ಅಯ್ಯನವರು.

ಸುಗಂಧಿ ಕೈ ಹಿಂದೆಗೆಯಲಿಲ್ಲ. ಅವರ ಮುಖದ ಹತ್ತಿರಕ್ಕೇ ಒಡ್ಡಿದಳು.

“ದೇವರ ಮಗ ಮೂರನೇ ದಿನಕ್ಕೆ ಎದ್ದು ಬಂದ, ಅಯ್ಯನವರೇ. ನನ್ನವನೂ ಬರ್ಲಿ. ನಾನೂ ಕ್ಷಮಿಸ್ತೇನೆ.”