ಅತ್ತೆಯ ತಟ್ಟೆಗೆ ಹಸಿ ಮೀನು

ಕಲ್ಲಂಗಡಿ ಹಣ್ಣನ್ನು ಇಷ್ಟು ಸಿಟ್ಟಿನಿಂದ ಯಾರೂ ಹೆಚ್ಚಿರಲಾರರು. ಬೀಜ ತೆಗೆದು, ಓವನ್ನಿನಲ್ಲಿ ಬಾಡಿಸಿ, ಸೋಯಾ ಸಾಸು, ನಿಂಬೆರಸ, ಕಡಲಪಾಚಿಯ ಪುಡಿಯಲ್ಲಿ ಒಂದು ದಿನ ನೆನೆಸಿದ ಹಣ್ಣು ಈಗ ಥೇಟ್ ಹಸಿ ಟ್ಯೂನಾ ಮೀನಿನಂತೆ ಕೆಂಪಗೆ ಮಿನುಗುತ್ತಿತ್ತು. ಪಕ್ಕದಲ್ಲಿ ಕ್ಯಾರೆಟ್ಟಿನ ಸಾಲ್ಮನ್ ಮೀನು. ಲಾವಣ್ಯಾ ಹನ್ನೊಂದು ದಿನ ಕಲಿತ ವಿದ್ಯೆ.

ಫ್ರಿಜ್ಜಿನ ತಳದಲ್ಲಿ ಒಂದು ಥರ್ಮೊಕೋಲ್ ಡಬ್ಬಿಯಿತ್ತು. ಅದರಲ್ಲಿ ಬೆಳಿಗ್ಗೆ ಹಾರ್ಬರಿನಿಂದ ತಂದ ನಿಜವಾದ ಟ್ಯೂನಾ. ಬಣ್ಣ ಹೋಲಿಸಿ ನೋಡುವುದಕ್ಕೆ ಎಂದು ಗಂಡ ಫಣಿಗೆ ಹೇಳಿದ್ದಳು. ಪಾಪದವನು, ನಂಬಿದ್ದ.

ಸಿಟ್ಟು ಹಳೆಯದು. ಕಳೆದ ವರ್ಷ ವಿಜಯವಾಡದಲ್ಲಿ ಲಾವಣ್ಯಾಳ ಸೀಮಂತ. ಕಾರವಾರದ ಪೇಟೆಯಲ್ಲಿ ಮೀನು ಮಾರಿ, ಮಗಳನ್ನು ಓದಿಸಿ ನೌಕಾಪಡೆಗೆ ಸೇರಿಸಿದ ತಾಯಿ ಗಂಗಾಭವಾನಿ ಎರಡು ರೈಲು ಬದಲಿಸಿ ಬಂದಿದ್ದರು. ಮೂರು ಸಲ ಒಗೆದ ಸೀರೆ ಉಟ್ಟಿದ್ದರು. ಅತ್ತೆ ಅನ್ನಪೂರ್ಣಮ್ಮ ಬಾಗಿಲಲ್ಲೇ ತಡೆದು ಮೂಗು ಅರಳಿಸಿದರು.

"ನೆತ್ತಳ್ಳು ಒಣಗಿಸಿದ ಸೀರೆ ಉಟ್ಕೊಂಡು ದೇವರ ಮುಂದೆ ಬರ್ತಾರೇನಮ್ಮಾ?"

ಹೌದು, ಗಂಗಾಭವಾನಿ ಹಿಂದಿನ ವಾರ ಆ ಸಣ್ಣ ಮೀನನ್ನೇ ಒಣಗಿಸಿದ್ದರು. ಅವರಿಗೆ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಲೆ ಹಾಕಿದರು. ಅವರು ತಲೆ ತಗ್ಗಿಸಿ ಉಂಡರು. ಲಾವಣ್ಯಾಳ ಹೊಟ್ಟೆಯಲ್ಲಿ ಆ ತುತ್ತುಗಳು ಇನ್ನೂ ಉರಿಯುತ್ತಿದ್ದವು.

ಈಗ ಮುಂದಿನ ವಾರ ಮಗುವಿನ ಅನ್ನಪ್ರಾಶನ, ಅದೇ ವಿಜಯವಾಡದ ಮನೆಯಲ್ಲಿ. "ನಿಮ್ಮಮ್ಮ ಬರೋದು ಬೇಡ," ಎಂದು ಅತ್ತೆ ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದರು. ಸರಿ. ಹಾಗಾದರೆ ಅತ್ತೆಯೂ ಅಂದು ದೇವರ ಮನೆಯ ಹೊಸ್ತಿಲು ದಾಟಬಾರದು. ಲಾವಣ್ಯಾಳಿಗೆ ಬೇಕಿದ್ದದ್ದು ಅಷ್ಟೇ.

ಮಗುವನ್ನು ಕರೆದೊಯ್ಯಲು ಅನ್ನಪೂರ್ಣಮ್ಮ ನಾದಿನಿ ಲಕ್ಷ್ಮೀಕಾಂತಮ್ಮನ ಜೊತೆ ಲಾವಣ್ಯಾ ಕೆಲಸದಲ್ಲಿದ್ದ ವಿಶಾಖಪಟ್ಟಣಕ್ಕೆ ಬಂದಿಳಿದರು. ಬಳ್ಳಾರಿಯಿಂದ ಹೋಗಿ ವಿಜಯವಾಡದಲ್ಲಿ ಬೇರೂರಿದ ಮನೆತನ. ಮಡಿಯಲ್ಲಿ ನಾದಿನಿ ಅತ್ತಿಗೆಗಿಂತ ಒಂದು ಕೈ ಮೇಲು. ಅನ್ನಪೂರ್ಣಮ್ಮ ಮಾತ್ರ ಇದೇ ಊರಿನವರು. ತನ್ನವರು ಇಲ್ಲಿ ಯಾರೂ ಉಳಿದಿಲ್ಲ ಎನ್ನುತ್ತಿದ್ದರು. ಬಂದಾಗಲೆಲ್ಲ ಕಡಲ ಕಡೆಯ ಕಿಟಕಿ ಮುಚ್ಚಿಸುತ್ತಿದ್ದರು. ಇಂದೂ ಮುಚ್ಚಿಸಿದರು. ಬಾಣಂತನಕ್ಕೆಂದು ಬಂದು ಮಗಳ ಮನೆಯಲ್ಲೇ ಉಳಿದಿದ್ದ ಗಂಗಾಭವಾನಿ ಮೊಮ್ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಸರಿದರು.

"ಜಪಾನಿನ ಅಡುಗೆ ಅತ್ತೆ. ಎಲ್ಲ ತರಕಾರಿ, ಹಣ್ಣು," ಎಂದಳು ಲಾವಣ್ಯಾ. ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿದಳು. ಅತ್ತೆಯ ತಟ್ಟೆಯನ್ನು ಮಾತ್ರ ಒಳಗಿನಿಂದ ತಂದಳು.

ಅನ್ನಪೂರ್ಣಮ್ಮ ಒಂದು ಚೂರು ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ಇನ್ನೊಂದು ತೆಗೆದುಕೊಂಡರು. ತಟ್ಟೆ ಖಾಲಿಯಾಯಿತು.

"ಚೆನ್ನಾಗಿತ್ತಾ ಅತ್ತೆ?"

"ಪರವಾಗಿಲ್ಲ."

"ಅದು ಮೀನು. ಟ್ಯೂನಾ, ಈ ಊರಿನವರು ಸೂರ ಅಂತಾರಲ್ಲ, ಅದು. ಬೆಳಿಗ್ಗೆ ಹಾರ್ಬರಿಂದ ತಂದೆ. ಬೇಕಾದ್ರೆ ಫ್ರಿಜ್ ನೋಡಿ."

ಫಣಿ ಫ್ರಿಜ್ಜಿನತ್ತ ತಿರುಗಿದ. ಲಕ್ಷ್ಮೀಕಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯನ್ನು ಅತ್ತಿಗೆಯಿಂದ ದೂರ ಎಳೆದರು. "ವದಿನಾ! ನೀನಿನ್ನು ಅನ್ನಪ್ರಾಶನಕ್ಕೆ ಕೂರೋ ಹಾಗಿಲ್ಲ!"

ಲಾವಣ್ಯಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಬಡಿಸಿದ್ದು ಕಲ್ಲಂಗಡಿಯನ್ನೇ. ಆದರೆ ಅದನ್ನು ಜನ್ಮದಲ್ಲಿ ಬಾಯಿಬಿಡಲಾರಳು. ಸಂಶಯ ಸಾಕು, ಮುದುಕಿ ಅದರಲ್ಲೇ ಬೇಯಲಿ.

ಅನ್ನಪೂರ್ಣಮ್ಮ ಕೆಂಡವಾಗಿ ಎದ್ದು ನಿಂತರು.

"ಶುದ್ಧ ಸುಳ್ಳು! ಇದು ಕಲ್ಲಂಗಡಿ. ಸೂರ ಇಷ್ಟು ನೀರು ಬಿಡುತ್ತಾ? ಬೆನ್ನಲ್ಲಿ ಕೊಯ್ದರೆ ಮಧ್ಯೆ ಕಪ್ಪು ರಕ್ತದ ಪಟ್ಟಿ ಇರುತ್ತೆ, ಎಲ್ಲಿದೆ ಇದರಲ್ಲಿ? ಹಸಿ ಮೀನಿನ ನಾತ ಬೆರಳಿಗೆ ಹತ್ತಿದರೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಲ್ಲ. ಬುಟ್ಟಿ ಹೊತ್ತರೆ ರಕ್ತ ಕತ್ತಿನ ಮೇಲೆಲ್ಲ ಇಳಿದು, ಮನೆ ಮುಟ್ಟೋ ಹೊತ್ತಿಗೆ ರವಿಕೆ..."

ಮಾತು ಅಲ್ಲಿಗೇ ನಿಂತಿತು. ಲಕ್ಷ್ಮೀಕಾಂತಮ್ಮ ಅತ್ತಿಗೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ಲಾವಣ್ಯಾಳೇ ಬೆಪ್ಪಾಗಿ ನಿಂತಳು. ಅವಳು ಬೀಸಿದ ಬಲೆ ಇಷ್ಟು ದೊಡ್ಡದಿರಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಗಂಗಾಭವಾನಿ ಬಂದಿದ್ದರು. ಸೀಮಂತದ ನಂತರ ಮೊದಲ ಸಲ ಬೀಗಿತ್ತಿಯ ಮುಖವನ್ನು ತಲೆಯೆತ್ತಿ ನೋಡಿ, ಮೆಲ್ಲಗೆ ಕೇಳಿದರು:

"ಅಕ್ಕಾ, ನೀವು ಬುಟ್ಟಿ ಹೊತ್ತು ಮಾರ್ತಾ ಇದ್ದದ್ದು ಯಾವ ಕೇರಿಯಲ್ಲಿ?"